ಫಿಫ್ತ್ ವೀಲ್ ಎಳೆಯುವವರಿಗೆ ಎಚ್ಚರಿಕೆ: ಒಟ್ಟು ತೂಕ ಮಿತಿಯೊಳಗಿದ್ದರೂ ಸ್ಪ್ರಿಂಗ್ ಮುರಿಯುತ್ತದೆ

ಅಮೆರಿಕ, ಕೆನಡಾಗಳಲ್ಲಿ ಫಿಫ್ತ್ ವೀಲ್ ಟ್ರೇಲರ್ (ಪಿಕಪ್ ಟ್ರಕ್ಕಿನ ಹಿಂಭಾಗದ ಒಳಗಿನ ಕೊಂಡಿಗೆ ಸಿಕ್ಕಿಸಿ ಎಳೆಯುವ ಮನೆಗಾಡಿ) ಇಟ್ಟುಕೊಂಡಿರುವ, ಇಲ್ಲವೇ ಕೊಳ್ಳಲು ಹೊರಟಿರುವ ಕನ್ನಡಿಗರು ದಯವಿಟ್ಟು ಇದನ್ನು ಓದಿ. ಚೀಟಿಯಲ್ಲಿ ಬರೆದ ಒಟ್ಟು ತೂಕದ ಮಿತಿಯನ್ನು ದಾಟದ ಒಂದು ಗಾಡಿಯ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ, ಭಾರ ಹೊರುವ ಬಿಲ್ಲು) ಹೆದ್ದಾರಿಯಲ್ಲಿ ತುಂಡಾಯಿತು. ಕಾಗದದ ಲೆಕ್ಕದಲ್ಲಿ ಓವರ್‌ಲೋಡ್ ಆಗಿರಲೇ ಇಲ್ಲ. ತಯಾರಕರ ಹೆಸರು ಇಲ್ಲಿ ಬೇಡ. ಇದೇ ಅಳತೆಯ ಆಕ್ಸಲ್ (ಚಕ್ರದ ಅಚ್ಚು), ಇದೇ ಅಳತೆಯ ಸ್ಪ್ರಿಂಗ್ ಹಾಕಿ ಮಾರುವವರು ಹಲವರಿದ್ದಾರೆ.

ಮುರಿದದ್ದು ಎಡಬದಿಯ ಮುಂದಿನ ಸ್ಪ್ರಿಂಗಿನ ಮೇನ್ ಲೀಫ್, ಅಂದರೆ ಎಲ್ಲಕ್ಕಿಂತ ಉದ್ದದ ಮುಖ್ಯ ಪಟ್ಟಿ, ಆಕ್ಸಲಿಗಿಂತ ಮುಂದಿನ ಭಾಗದಲ್ಲಿ. ಎರಡು ಆಕ್ಸಲಿನ ಗಾಡಿಯಲ್ಲಿ ಮುಂದಿನ ಆಕ್ಸಲನ್ನು ಜಾಗದಲ್ಲಿ ಹಿಡಿದಿಡುವುದು ಆ ಲೀಫಿನ ಮುಂಗಣ್ಣು (ಬೋಲ್ಟ್ ತೂರಿಸಲು ಸುರುಳಿ ಸುತ್ತಿದ ಮುಂತುದಿ) ಮಾತ್ರ. ಅದು ಚಾಸಿಗೆ ಬೆಸೆದ ಹ್ಯಾಂಗರ್ ಎಂಬ ಬ್ರಾಕೆಟ್ಟಿಗೆ ಬೋಲ್ಟ್ ಆಗಿರುತ್ತದೆ. ಹಿಂದಿನ ಕಣ್ಣು ಶ್ಯಾಕಲ್ (ಆಡುವ ಜೋಡುಪಟ್ಟಿ) ಮೂಲಕ ಈಕ್ವಲೈಸರಿಗೆ (ಎರಡು ಆಕ್ಸಲುಗಳ ನಡುವೆ ಭಾರ ಹಂಚುವ ತೂಗುಪಟ್ಟಿ) ತೂಗುತ್ತದೆ, ಅದಕ್ಕೆ ಆಕ್ಸಲನ್ನು ತಡೆದು ನಿಲ್ಲಿಸುವ ಶಕ್ತಿಯಿಲ್ಲ. ಮುಂಗಣ್ಣಿನ ಕಡೆ ತುಂಡಾದ ಕೂಡಲೇ ಆಕ್ಸಲಿನ ಎಡತುದಿ ಹಿಂದಕ್ಕೆ ಸರಿಯಿತು. ಎಡಬದಿಯ ಎರಡು ಟೈರುಗಳು ಒಂದಕ್ಕೊಂದು ತಾಗಿದವು. ಎರಡೂ ಒಂದೇ ದಿಕ್ಕಿಗೆ ಉರುಳುತ್ತಿದ್ದರೂ ತಾಗುವ ಜಾಗದಲ್ಲಿ ಒಂದರ ಮೈ ಮೇಲಕ್ಕೂ ಇನ್ನೊಂದರ ಮೈ ಕೆಳಕ್ಕೂ ಓಡುತ್ತಿರುತ್ತದೆ, ಹಾಗಾಗಿ ರಬ್ಬರು ಕ್ಷಣದಲ್ಲಿ ಸುಡುತ್ತದೆ. ಟೈರು ಸಿಡಿದಾಗ ಅದರ ಚಿಂದಿ ಬಡಿದು ಫೆಂಡರ್ ಹರಿಯಿತು, ಬ್ರೇಕ್ ವೈರ್ ಕಿತ್ತುಬಂತು. ಕೆಲವು ಗಾಡಿಗಳಲ್ಲಿ ಪ್ರೊಪೇನ್ ಪೈಪು ಕೂಡ ಇದೇ ಜಾಗದಲ್ಲಿ ಹಾದುಹೋಗುತ್ತದೆ. ನಿಮ್ಮದರಲ್ಲಿ ಎಲ್ಲಿದೆಯೆಂದು ಇವತ್ತೇ ಬಗ್ಗಿ ನೋಡಿ.

ಡ್ರೈವರಿಗೆ ಇದಾವುದೂ ಮೊದಲು ಗೊತ್ತಾಗುವುದಿಲ್ಲ. ಒಂದು ಟನ್ ಡೀಸೆಲ್ ಪಿಕಪ್ಪಿಗೆ ಹಿಂದೆ ಒಂದು ಮೂಲೆ ಕುಸಿದರೆ ಲೆಕ್ಕಕ್ಕೇ ಬರುವುದಿಲ್ಲ. ಟೈರಿನ ಗಾಳಿ ತೋರಿಸುವ ಸೆನ್ಸರ್ ಕೂಗುವುದು ಟೈರು ಹೋದ ಮೇಲೆ. ಕನ್ನಡಿಯಲ್ಲಿ ಹೊಗೆ ಕಂಡರೆ, ಟ್ರೇಲರ್ ಒಂದು ಬದಿಗೆ ವಾಲಿದಂತೆ ಕಂಡರೆ, ಆಗಲೇ ನಿಲ್ಲಿಸಬೇಕು.

ಈಗ ಅಂಕಿಗಳಿಗೆ ಬರೋಣ. ಗಾಡಿಯ ಜಿವಿಡಬ್ಲ್ಯುಆರ್, ಅಂದರೆ ತುಂಬಿದ ಗಾಡಿಯ ಗರಿಷ್ಠ ತೂಕ, 16,000 ಪೌಂಡ್ (ಸುಮಾರು 7,260 ಕೆಜಿ). ಕೆಳಗಿರುವುದು 7,000 ಪೌಂಡಿನ ಎರಡು ಆಕ್ಸಲ್, 3,500 ಪೌಂಡಿನ ನಾಲ್ಕು ಸ್ಪ್ರಿಂಗ್. ಕೂಡಿದರೆ ಬರುವುದು 14,000. ಉಳಿದ 2,000 ಎಲ್ಲಿ ಹೋಯಿತು? ಅದನ್ನು ನಿಮ್ಮ ಟ್ರಕ್ ಹೊರುತ್ತದೆಂದು ತಯಾರಕರು ಲೆಕ್ಕ ಹಾಕಿರುತ್ತಾರೆ. ಫಿಫ್ತ್ ವೀಲಿನಲ್ಲಿ ಒಟ್ಟು ತೂಕದ ಸುಮಾರು ಐದರಲ್ಲೊಂದು ಪಾಲು ಕಿಂಗ್ ಪಿನ್ (ಟ್ರಕ್ಕಿನ ಕೊಂಡಿಗೆ ಕೂರುವ ಟ್ರೇಲರಿನ ಗೂಟ) ಮೂಲಕ ಟ್ರಕ್ಕಿನ ಮೇಲೆ ಬೀಳುತ್ತದೆ. ಲೆಕ್ಕ ತಪ್ಪಲ್ಲ, ಕಾನೂನಿಗೂ ಸರಿ. ಆದರೆ ಆ ಲೆಕ್ಕ ಭಾರವೆಲ್ಲ ಎಡ-ಬಲಕ್ಕೆ ಸಮನಾಗಿ ಹಂಚಿದೆ ಎಂದುಕೊಂಡಿರುತ್ತದೆ, ನಿಜವಾದ ಗಾಡಿಯಲ್ಲಿ ಹಾಗಿರುವುದು ಅಪರೂಪ.

ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಯಲ್ಲಿ ಗಾಡಿ ಕೊಂಡಿ ಹಾಕಿ ತೂಗಿದಾಗ ಟ್ರಕ್ಕಿನ ಮುಂದಿನ ಆಕ್ಸಲ್ 5,060 ಪೌಂಡ್, ಹಿಂದಿನದು 6,240, ಟ್ರೇಲರಿನ ಎರಡು ಆಕ್ಸಲ್ ಸೇರಿ 12,740. ಟ್ರೇಲರ್ ಬಿಚ್ಚಿಟ್ಟು ಟ್ರಕ್ಕನ್ನಷ್ಟೇ ತೂಗಿದರೆ 4,980 ಮತ್ತು 3,320. ಕೊಂಡಿ ಹಾಕಿದಾಗಿನ ಟ್ರಕ್ 11,300, ಬರಿಯ ಟ್ರಕ್ 8,300, ವ್ಯತ್ಯಾಸ 3,000 ಪೌಂಡ್ ಪಿನ್ ಭಾರ. ಅದಕ್ಕೆ 12,740 ಕೂಡಿಸಿದರೆ ಟ್ರೇಲರಿನ ನಿಜತೂಕ 15,740. ಮಿತಿ 16,000, ಪಾಸು. ಆಕ್ಸಲುಗಳ ಮಿತಿ 14,000, ಅದೂ ಪಾಸು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ ಚೀಟಿಯನ್ನು ಗ್ಲೋವ್ ಬಾಕ್ಸಿಗೆ ಹಾಕುತ್ತಾರೆ.

ಚಕ್ರ ಚಕ್ರಕ್ಕೂ ಬೇರೆ ಬೇರೆ ತೂಗಿದಾಗ ಬಣ್ಣ ಬಯಲಾಯಿತು. ಎಡ ಮುಂದಿನದು 3,660, ಎಡ ಹಿಂದಿನದು 3,560, ಬಲ ಮುಂದಿನದು 2,790, ಬಲ ಹಿಂದಿನದು 2,730. ಎಡಬದಿಯಲ್ಲಿ ಅಡುಗೆಮನೆಯ ಸ್ಲೈಡ್ (ಗಾಡಿ ನಿಂತಾಗ ಹೊರಕ್ಕೆ ಚಾಚುವ ಭಾಗ), ಅದರೊಳಗೆ ಮನೆಯಲ್ಲಿಡುವಂಥ ದೊಡ್ಡ ಫ್ರಿಜ್, ಪಕ್ಕದಲ್ಲೇ ಪ್ಯಾಂಟ್ರಿ. ಹಾಕಿದ್ದ ಟೈರು ಎಸ್‌ಟಿ235/80ಆರ್16, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಇ, 80 ಪಿಎಸ್‌ಐ ಗಾಳಿಯಲ್ಲಿ ಹೊರುವುದು 3,520 ಪೌಂಡ್. ಎಡಬದಿಯ ಎರಡೂ ಟೈರುಗಳು ಮಿತಿ ದಾಟಿದ್ದವು.

ಒಂದು ತಿದ್ದುಪಡಿ, ಏಕೆಂದರೆ ತಿಳಿದವರು ಕೇಳಿಯೇ ಕೇಳುತ್ತಾರೆ: ಸ್ಕೇಲ್ ತೋರಿಸುವ 3,660 ಪೂರ್ತಿಯಾಗಿ ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲ. ಟೈರು, ರಿಮ್, ಬ್ರೇಕ್ ಡ್ರಮ್, ಆಕ್ಸಲ್ ಕೊಳವೆಯ ತೂಕ ಸ್ಪ್ರಿಂಗನ್ನು ಮುಟ್ಟದೆ ನೆಲಕ್ಕೆ ಇಳಿಯುತ್ತದೆ. ಅಂದರೆ ನಿಂತ ಗಾಡಿಯಲ್ಲಿ ಸ್ಪ್ರಿಂಗ್ ಮಿತಿಯ ಸ್ವಲ್ಪ ಕೆಳಗೇ ಇತ್ತು. ಆದರೆ 3,500 ಎನ್ನುವುದು ನಿಂತ ಭಾರದ ಅಂಕಿ. ಗುಂಡಿಗೆ ಬಿದ್ದಾಗ, ಸೇತುವೆಯ ಜೋಡಣೆ ದಾಟುವಾಗ ಭಾರ ಅದಕ್ಕಿಂತ ಎಷ್ಟೋ ಮೇಲೆ ಜಿಗಿದು ಇಳಿಯುತ್ತದೆ. ಲೂಯಿಸಿಯಾನಾದ ಐ-10ರಂಥ ಕಾಂಕ್ರೀಟ್ ಹೆದ್ದಾರಿಯಲ್ಲಿ ಆ ಜಿಗಿತ ಮೈಲಿಗಟ್ಟಲೆ ತಾಳ ಹಾಕಿದಂತೆ ನಡೆಯುತ್ತಲೇ ಇರುತ್ತದೆ. ಮೊದಲೇ ಚಪ್ಪಟೆಯಾಗಿ ಕೂತ ಸ್ಪ್ರಿಂಗಿಗೆ ಬಗ್ಗಲು ಜಾಗವೇ ಉಳಿದಿರುವುದಿಲ್ಲ.

ಸ್ಪ್ರಿಂಗ್ ಒಂದೇ ಏಟಿಗೆ ಮುರಿಯುವುದು ಕಡಿಮೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುವ ಹಾಗೆ, ಉಕ್ಕು ದಣಿದು ಬಿರಿಯುತ್ತದೆ. ಬಿರುಕು ಶುರುವಾಗುವುದು ತುಕ್ಕಿನ ಚುಕ್ಕೆಯಲ್ಲಿ, ಗೀರಿನಲ್ಲಿ, ಇಲ್ಲವೇ ಲೀಫಿನ ನಡುವೆ ಸೆಂಟರ್ ಬೋಲ್ಟಿಗಾಗಿ ಕೊರೆದ ತೂತಿನ ಅಂಚಿನಲ್ಲಿ. ಮುರಿದ ತುಂಡಿನ ಮುಖ ನೋಡಿದರೆ ಇತಿಹಾಸ ಗೊತ್ತಾಗುತ್ತದೆ: ಒಂದು ಭಾಗ ಕಂದುಬಣ್ಣಕ್ಕೆ ತಿರುಗಿದ್ದರೆ ಅದು ಹಳೆಯ ಬಿರುಕು, ಬೂದುಬಣ್ಣಕ್ಕೆ ಹೊಳೆಯುವ ಭಾಗ ಕೊನೆಗೆ ಕಿತ್ತದ್ದು. ಸೆಂಟರ್ ಬೋಲ್ಟಿನ ತೂತಿನಲ್ಲೇ ತುಂಡಾಗಿದ್ದರೆ ಮೊದಲು ಯು-ಬೋಲ್ಟುಗಳ (ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿದು ಹಿಡಿಯುವ ಬೋಲ್ಟುಗಳ) ಮೇಲೆ ಸಂಶಯ ಪಡಿ. ಯು-ಬೋಲ್ಟ್ ಬಿಗಿಯಾಗಿರುವ ತನಕ ಆ ನಡುಭಾಗ ಬಗ್ಗುವುದೇ ಇಲ್ಲ. ಸಡಿಲವಾದರೆ ಬಾಗುವಿಕೆಯೆಲ್ಲ ತೂತಿನ ಮೇಲೆ ಬರುತ್ತದೆ, ಅಲ್ಲಿ ಲೋಹ ಮೊದಲೇ ಕಡಿಮೆ.

ಇದಕ್ಕಿಂತ ಹೆಚ್ಚಾಗಿ ಬೈಯಬೇಕಾದದ್ದು ಕಾರ್ಖಾನೆಯಿಂದ ಬರುವ ಪ್ಲಾಸ್ಟಿಕ್ ಬುಷ್‌ಗಳನ್ನು. ಲಕ್ಷ ಡಾಲರಿನ ಗಾಡಿಗೂ ಸ್ಪ್ರಿಂಗಿನ ಕಣ್ಣಿನಲ್ಲಿ ನೈಲಾನ್ ಬುಷ್ (ಬೋಲ್ಟಿನ ಸುತ್ತ ಕೂರುವ ಕೊಳವೆ), ಗ್ರೀಸ್ ಹೊಡೆಯಲು ದಾರಿಯಿಲ್ಲದ ಬೋಲ್ಟ್ ಹಾಕಿ ಕಳಿಸುವವರಿದ್ದಾರೆ. ನೈಲಾನ್ ಸವೆದ ಮೇಲೆ ಬೋಲ್ಟು ಉಕ್ಕಿಗೆ ಉಕ್ಕು ಉಜ್ಜಿ ಶ್ಯಾಕಲ್ಲಿನ ತೂತನ್ನು ಮೊಟ್ಟೆಯಾಕಾರ ಮಾಡುತ್ತದೆ. ಇಕ್ಕಟ್ಟಿನ ಜಾಗದಲ್ಲಿ ರಿವರ್ಸ್ ಹಾಕಿ ತಿರುಗಿಸುವಾಗ ಎರಡೂ ಆಕ್ಸಲ್ ಅಡ್ಡಡ್ಡ ಎಳೆದಾಡುತ್ತವಲ್ಲ, ಆಗ ಸಡಿಲವಾದ ಶ್ಯಾಕಲ್ ಮತ್ತು ಹ್ಯಾಂಗರಿನ ವೆಲ್ಡಿಂಗ್ ಮೇಲೆ ಬೀಳುವ ಒತ್ತಡ ಭಯಂಕರ. ಕಂಚಿನ ಬುಷ್, ಗ್ರೀಸ್ ನಿಪ್ಪಲ್ ಇರುವ ವೆಟ್ ಬೋಲ್ಟ್, ದಪ್ಪ ಶ್ಯಾಕಲ್ ಪಟ್ಟಿಗಳ ಕಿಟ್ ಪ್ರತ್ಯೇಕವಾಗಿ ಸಿಗುತ್ತದೆ. ಹಾಕಿಸುವಾಗ ಬೋಲ್ಟಿನ ಗ್ರೀಸ್ ತೂತು ಗಡಿಯಾರದ 3 ಅಥವಾ 9ರ ಕಡೆ ಮುಖ ಮಾಡಿರಬೇಕು. ಭಾರ ಒತ್ತುವ ಕಡೆ ತೂತು ಬಂದರೆ ಎಷ್ಟು ಪಂಪ್ ಹೊಡೆದರೂ ಗ್ರೀಸ್ ಒಳಹೋಗುವುದಿಲ್ಲ.

ಹೊರಡುವ ಮುಂಚೆ ಟಾರ್ಚ್ ಹಿಡಿದು ಗಾಡಿಯ ಕೆಳಗೆ ಐದು ನಿಮಿಷ. ಸಮತಟ್ಟಾದ ಜಾಗದಲ್ಲಿ, ಚಕ್ರಕ್ಕೆ ಅಡೆಗಟ್ಟೆ ಕೊಟ್ಟು. ಎಡಬದಿಯ ಎರಡು ಟೈರುಗಳ ನಡುವಿನ ಅಂತರ ಅಳೆಯಿರಿ, ಬಲಬದಿಯದನ್ನೂ ಅಳೆಯಿರಿ, ಬರೆದಿಡಿ. ಮುಂದಿನ ಸಲ ಒಂದು ಬದಿಯ ಅಂಕಿ ಬದಲಾಗಿದ್ದರೆ ಆಕ್ಸಲ್ ಸರಿದಿದೆ ಅಥವಾ ಹ್ಯಾಂಗರ್ ಬಗ್ಗಿದೆ. ಟೈರಿನ ತಲೆಯಿಂದ ಮೇಲಿನ ಚೌಕಟ್ಟಿಗೆ ಎಷ್ಟು ಜಾಗವಿದೆ ಎಂಬುದನ್ನೂ ಹೀಗೇ ನಾಲ್ಕೂ ಮೂಲೆಯಲ್ಲಿ ಬರೆದಿಡಿ. ಲೀಫುಗಳು ಒಂದರ ಮೇಲೊಂದು ನೆಟ್ಟಗೆ ಕೂತಿವೆಯೇ, ಯಾವುದಾದರೂ ಅಡ್ಡ ಸರಿದಿದೆಯೇ, ಅಡ್ಡಗೆರೆಯಂತೆ ತುಕ್ಕಿನ ಸಾಲು ಕಾಣುತ್ತಿದೆಯೇ? ಸ್ಪ್ರಿಂಗಿನ ಬಿಲ್ಲು ಮಾಯವಾಗಿ ನೇರವಾಗಿದ್ದರೆ, ಇನ್ನೂ ಕೆಟ್ಟದಾಗಿ ಉಲ್ಟಾ ಬಗ್ಗಿದ್ದರೆ, ಆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಟೈರಿನ ಒಳಅಂಚು ಮಾತ್ರ ಸವೆಯುತ್ತಿದ್ದರೆ ಆಕ್ಸಲ್ ಕೊಳವೆಯೇ ಭಾರಕ್ಕೆ ಬಗ್ಗಿರಬಹುದು. ಅದಕ್ಕೆ ಸ್ಪ್ರಿಂಗ್ ಬದಲಾಯಿಸಿ ಪ್ರಯೋಜನವಿಲ್ಲ.

ತೂಕ ಇಳಿಸುವುದಕ್ಕಿಂತ ಸರಿಸುವುದು ಸುಲಭ. ನೀರು ಗ್ಯಾಲನ್ನಿಗೆ 8.3 ಪೌಂಡ್. 60 ಗ್ಯಾಲನ್ ಟ್ಯಾಂಕ್ ತುಂಬಿದರೆ 500 ಪೌಂಡ್. ಟ್ಯಾಂಕ್ ಭಾರದ ಬದಿಯಲ್ಲೇ ಇದ್ದರೆ ದಾರಿಗೆ ಬೇಕಾದಷ್ಟೇ ನೀರು ಒಯ್ಯಿರಿ, ಕೊಳೆನೀರಿನ ಟ್ಯಾಂಕುಗಳನ್ನು ಹೊರಡುವ ಮೊದಲೇ ಖಾಲಿ ಮಾಡಿ. ಟೂಲ್ ಬಾಕ್ಸ್, ಹೆಚ್ಚುವರಿ ಬ್ಯಾಟರಿ, ಬಾಟಲಿ ನೀರಿನ ಕೇಸುಗಳು ಹಗುರ ಬದಿಗೆ ಹೋಗಲಿ. ನಮ್ಮವರ ಪ್ಯಾಂಟ್ರಿ ಬೇರೆ ಲೆಕ್ಕ: 20 ಪೌಂಡಿನ ಸೋನಾ ಮಸೂರಿ ಚೀಲ, ಎಣ್ಣೆ ಡಬ್ಬ, ಕುಕ್ಕರು, ವೆಟ್ ಗ್ರೈಂಡರು ಎಲ್ಲ ಒಂದೇ ಮೂಲೆಗೆ ಸೇರುತ್ತವೆ. ದೋಸೆ ಬಿಡಿ ಅನ್ನುತ್ತಿಲ್ಲ, ಗ್ರೈಂಡರನ್ನು ಬಲಬದಿಗೆ ಕಟ್ಟಿ.

ಚಕ್ರವಾರು ತೂಗಿಸಲು ಎಸ್ಕೇಪೀಸ್ ಆರ್‌ವಿ ಕ್ಲಬ್ಬಿನ ಸ್ಮಾರ್ಟ್‌ವೇ ಎಂಬ ಸೌಲಭ್ಯವಿದೆ. ಟೆಕ್ಸಾಸಿನ ಲಿವಿಂಗ್‌ಸ್ಟನ್ನಿನಲ್ಲಿರುವುದು ಅದರಲ್ಲೊಂದು. ತೂಗಿಸುವ ದಿನ ಗಾಡಿಯನ್ನು ಪ್ರವಾಸಕ್ಕೆ ತುಂಬಿದಂತೆಯೇ ತುಂಬಿರಬೇಕು. ಖಾಲಿ ಗಾಡಿ ತೂಗಿ ಸಮಾಧಾನ ಪಟ್ಟುಕೊಂಡರೆ ಏನೂ ಸಿಗುವುದಿಲ್ಲ.

ಸ್ಪ್ರಿಂಗ್ ಬದಲಾಯಿಸುವುದಾದರೆ ಒಂದನ್ನೇ ಹಾಕಬೇಡಿ. ಕನಿಷ್ಠ ಒಂದು ಆಕ್ಸಲಿನ ಜೋಡಿ, ಕೈಲಾದರೆ ನಾಲ್ಕೂ. ಕಣ್ಣಿನಿಂದ ಕಣ್ಣಿಗೆ ಉದ್ದ (25¼ ಇಂಚಿನದೂ ಇದೆ, 26 ಇಂಚಿನದೂ ಇದೆ, ಅಂಗಡಿಯವರು ಎರಡೂ ಒಂದೇ ಅಂದರೆ ನಂಬಬೇಡಿ), ಅಗಲ 1¾ ಇಂಚು, ಲೀಫುಗಳ ಸಂಖ್ಯೆ, ಬಿಲ್ಲಿನ ಎತ್ತರ, ಇವಿಷ್ಟೂ ತಾಳೆಯಾಗಬೇಕು. ಉದ್ದ ತಪ್ಪಿದರೆ ಆಕ್ಸಲ್ ಕೂರುವ ಜಾಗವೇ ತಪ್ಪುತ್ತದೆ. ಜಾಕಿಯನ್ನು ಆಕ್ಸಲ್ ಕೊಳವೆಗೆ ಕೊಡಬೇಡಿ, ಚಾಸಿಗೆ ಕೊಟ್ಟು ಸ್ಟ್ಯಾಂಡ್ ಮೇಲೆ ಕೂರಿಸಿ. ಹಳೆ ಯು-ಬೋಲ್ಟ್ ಮತ್ತೆ ಹಾಕಬಾರದು, ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟು ಮತ್ತೆ ಅದೇ ಬಿಗಿ ಕೊಡುವುದಿಲ್ಲ. ಅರ್ಧ ಇಂಚಿನ ಯು-ಬೋಲ್ಟಿಗೆ ಸಾಮಾನ್ಯವಾಗಿ 45ರಿಂದ 70 ಫುಟ್-ಪೌಂಡ್, ನಾಲ್ಕೂ ನಟ್ಟುಗಳನ್ನು ಅಡ್ಡಡ್ಡ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಚಕ್ರದ ನಟ್ಟುಗಳನ್ನು 10, 25, 50 ಮೈಲಿ ಓಡಿದ ಮೇಲೆ ಟಾರ್ಕ್ ರೆಂಚಿನಿಂದ ಮತ್ತೆ ನೋಡಿ.

4,000 ಪೌಂಡಿನ ಸ್ಪ್ರಿಂಗ್ ಹಾಕಿಸಬಹುದೇ? ಹಾಕಿಸಬಹುದು, ಒಳ್ಳೆಯದೇ. ಆದರೆ ಆಕ್ಸಲ್ 7,000ದ್ದೇ, ಟೈರು 3,520ರದ್ದೇ. ಆಕ್ಸಲ್, ಸ್ಪ್ರಿಂಗ್, ಟೈರು, ರಿಮ್ ಇವುಗಳಲ್ಲಿ ಯಾವುದು ಕಡಿಮೆಯೋ ಅದೇ ಆ ಮೂಲೆಯ ಮಿತಿ. ದಪ್ಪ ಸ್ಪ್ರಿಂಗ್ ಹಾಕಿಸಿ ಇನ್ನೂ 500 ಪೌಂಡ್ ತುಂಬುವವರು ಮುರಿತವನ್ನು ಬೇರೆ ಭಾಗಕ್ಕೆ ವರ್ಗಾಯಿಸುತ್ತಿದ್ದಾರೆ ಅಷ್ಟೆ. ಕಡಿಮೆ ಭಾರದ ಗಾಡಿಗೆ ಹಾಕಿದರೆ ಕುಲುಕಾಟಕ್ಕೆ ಕಪಾಟುಗಳ ಸ್ಕ್ರೂ ಕಿತ್ತುಬರುತ್ತವೆ.

ದಾರಿಯಲ್ಲಿ ಮುರಿದರೆ: ಇಳಿಜಾರಿನ ಶೋಲ್ಡರಿನಲ್ಲಿ ಜಾಕಿ ಹಾಕಬೇಡಿ. ಸಮತಟ್ಟು ಇದ್ದರೆ ಚಾಸಿ ಎತ್ತಿ, ಆಕ್ಸಲ್ ಮತ್ತು ಚಾಸಿಯ ನಡುವೆ ಗಟ್ಟಿಮರದ ದಿಮ್ಮಿ ಕೂರಿಸಿ, ಆಕ್ಸಲನ್ನು ಮುಂದಿನ ಹ್ಯಾಂಗರಿಗೆ ಸರಪಳಿಯಿಂದ ಎಳೆದು ಕಟ್ಟಿ, ದಿಮ್ಮಿ ಜಾರದಂತೆ ಸ್ಟ್ರಾಪ್ ಬಿಗಿದು, ಆಮೆಯ ವೇಗದಲ್ಲಿ ಮುಂದಿನ ಎಕ್ಸಿಟ್ ತನಕ ಮಾತ್ರ. ಒಂದು ಸ್ಪ್ರಿಂಗ್, ಯು-ಬೋಲ್ಟ್ ಸೆಟ್, ಶ್ಯಾಕಲ್ ಬೋಲ್ಟು, ಸೆಂಟರ್ ಬೋಲ್ಟು, ಎರಡು ಬಾಟಲ್ ಜಾಕಿ ಗಾಡಿಯಲ್ಲೇ ಇರಲಿ. ಟೋಯಿಂಗ್ ಕರೆಯುವುದಾದರೆ ಗಾಡಿಯ ಎತ್ತರ ಮೊದಲೇ ಹೇಳಿ. 13 ಅಡಿ ಎತ್ತರದ ಫಿಫ್ತ್ ವೀಲನ್ನು ಮಾಮೂಲಿ ಫ್ಲಾಟ್‌ಬೆಡ್ ಮೇಲೆ ಏರಿಸಿದರೆ 13 ಅಡಿ 6 ಇಂಚು ಅಥವಾ 14 ಅಡಿಯ ಹೆದ್ದಾರಿ ಮಿತಿ ದಾಟಿಹೋಗುತ್ತದೆ, ತಗ್ಗಿನ ಟ್ರೇಲರೇ ಬೇಕು.

ಕೊಳ್ಳುವ ಮುಂಚೆಯೇ ನೋಡಬೇಕಾದ ಎರಡು ಚೀಟಿಗಳು: ಟ್ರೇಲರಿನ ಮೇಲೆ ಸರಕಿನ ತೂಕ ಇಷ್ಟನ್ನು ಮೀರಬಾರದೆಂದು ಬರೆದದ್ದು, ಟ್ರಕ್ಕಿನ ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಪೇಲೋಡ್ (ಟ್ರಕ್ ಹೊರಬಹುದಾದ ಭಾರ) ಬರೆದದ್ದು. ಪಿನ್ ಭಾರ, ಹಿಚ್, ಜನ, ನಾಯಿ ಎಲ್ಲ ಪೇಲೋಡಿನೊಳಗೇ ಬರಬೇಕು. ಲೈಸೆನ್ಸ್ ವಿಚಾರವೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಫಿಫ್ತ್ ವೀಲಿನ ಜಿವಿಡಬ್ಲ್ಯುಆರ್ 15,000 ಪೌಂಡ್ ದಾಟಿದರೆ ನಾನ್‌ಕಮರ್ಷಿಯಲ್ ಕ್ಲಾಸ್ ಎ ಲೈಸೆನ್ಸ್ ಬೇಕು. ಮೇಲೆ ಹೇಳಿದ ಗಾಡಿ ಆ ಸಾಲಿಗೇ ಸೇರುತ್ತದೆ.

ಸ್ಪ್ರಿಂಗ್ ಮುರಿದವರು ತುಂಡನ್ನು ಗುಜರಿಗೆ ಹಾಕಬೇಡಿ. ಮುರಿದ ಮುಖದ ಫೋಟೋ, ತೂಕದ ಚೀಟಿ, ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಫಲಕದ ಫೋಟೋ ಇಟ್ಟುಕೊಂಡು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ದೂರು ದಾಖಲಿಸಿ. ನಿಮ್ಮ ಗಾಡಿಗೆ ರೀಕಾಲ್ (ದೋಷ ಸರಿಪಡಿಸಲು ತಯಾರಕರ ಕರೆ) ಇದೆಯೇ ಎಂದು ಅಲ್ಲೇ ನೋಡಬಹುದು. ಇದ್ದರೆ ದುರಸ್ತಿಯ ಖರ್ಚು ತಯಾರಕರದ್ದು.