ದೋಣಿಯಲ್ಲಿ ನಿಲ್ಲಲು ಅಟ್ಟ ಕಟ್ಟಿಸುವವರು ಒಮ್ಮೆ ಇದನ್ನು ಓದಿ

ಬೀಸುಬಲೆ ಹಾಕುವವರಿಗೆ ಗೊತ್ತು, ಕೂತು ಎಸೆದರೆ ಬಲೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ನಿಂತು, ಸೊಂಟ ತಿರುಗಿಸಿ ಎಸೆಯಬೇಕು. ನನ್ನ ಫೈಬರ್ ದೋಣಿ 12 ಅಡಿ ಉದ್ದ, 3 ಅಡಿ ಅಗಲ. ಎದ್ದು ನಿಂತರೆ ಸಾಕು, ಓಲಾಡುತ್ತಿತ್ತು. ಅದಕ್ಕೇ ನಿಲ್ಲಲು ಅನುಕೂಲ ಮಾಡಿಸೋಣ ಅಂತ ಹೊರಟೆ. ಆ ಕೆಲಸದಿಂದ ನಾನೂ ಅಕ್ಕನ ಮಗನೂ ನೀರು ಪಾಲಾಗುವುದು ಸ್ವಲ್ಪದರಲ್ಲಿ ತಪ್ಪಿತು.

ನಮ್ಮದು ಬೀಳಗಿ ತಾಲ್ಲೂಕು. ಆಲಮಟ್ಟಿ ತುಂಬಿ 519.60 ಮೀಟರಿಗೆ ನಿಂತಾಗ ಹಿನ್ನೀರು ಕಣ್ಣು ಹಾಯುವಷ್ಟು ದೂರ ಇರುತ್ತದೆ. ಅಡ್ಡ ಏನೂ ಇಲ್ಲದ ನೀರು. ಗಾಳಿ ಎದ್ದರೆ ಅಲೆ ಸಣ್ಣದಿರುವುದಿಲ್ಲ.

ಹತ್ತಿರದ ಒಂದು ವೆಲ್ಡಿಂಗ್ ಅಂಗಡಿಯವರಿಗೆ ಕೆಲಸ ಕೊಟ್ಟೆ. ಟ್ರಾಲಿ ಮಾಡುವುದರಲ್ಲಿ ಪಳಗಿದವರು. ದೋಣಿ ಕೆಲಸ ಮಾಡಿದ್ದೀರಾ ಅಂತ ನಾನು ಕೇಳಬೇಕಿತ್ತು, ಕೇಳಲಿಲ್ಲ. 18 ಸಾವಿರ ರೂಪಾಯಿ ತೆಗೆದುಕೊಂಡರು. ತಳದಿಂದ ಒಂದು ಅಡಿ ಮೇಲೆ ಕಬ್ಬಿಣದ ಆ್ಯಂಗಲ್ ಕೂರಿಸಿ, ಪ್ಲೈವುಡ್ ಹೊದಿಸಿ ಅಟ್ಟ ಮಾಡಿದರು. ಎರಡೂ ಪಕ್ಕಕ್ಕೆ ಪೈಪಿನ ತೋಳು, ತುದಿಗೆ 20 ಲೀಟರಿನ ಒಂದೊಂದು ಖಾಲಿ ಕ್ಯಾನ್. ಸೀಟಿನ ಕೆಳಗೆ ಥರ್ಮಾಕೋಲ್ ತುಂಬಿ ಮೇಲೆ ಫೈಬರ್ ರೆಸಿನ್ ಹಚ್ಚಿದರು. ನೀರು ತುಂಬಿದರೂ ಮುಳುಗಲ್ಲ ಅಂದರು. ನೋಡಲು ಚೆನ್ನಾಗಿಯೇ ಇತ್ತು.

ದೀಪಾವಳಿ ಕಳೆದ ಮೇಲೆ ಮೊದಲ ಸಲ ಇಳಿದೆವು. ದಡದ ಹತ್ತಿರ ಏನೂ ಆಗಲಿಲ್ಲ. ಒಳಗೆ ಹೋಗಿ ಅಟ್ಟದ ಮೇಲೆ ನಿಂತು ಎರಡನೇ ಸಲ ಬಲೆ ಎಸೆದೆ. ಅದೇ ಹೊತ್ತಿಗೆ ಪಕ್ಕದಿಂದ ಒಂದು ಅಲೆ ಬಂತು. ದೋಣಿ ಬಲಕ್ಕೆ ವಾಲಿತು. ಕ್ಯಾನ್ ತಡೆಯುತ್ತದೆ ಅಂದುಕೊಂಡೆ. ಟಕ್ ಅಂತ ಸದ್ದಾಯಿತು, ತೋಳು ಮೇಲಕ್ಕೆ ಮಡಚಿಕೊಂಡಿತು.

"ಮಾಮಾ, ನೀರು ಒಳಗ ಬರಾಕತ್ತೈತಿ!" ಅಂತ ಹುಡುಗ ಕೂಗಿದ. ಒಳಗೆ ಬಂದ ನೀರು ನಿಂತಲ್ಲಿ ನಿಲ್ಲುವುದಿಲ್ಲ, ವಾಲಿದ ಕಡೆಗೇ ಓಡುತ್ತದೆ. ಇನ್ನೂ ವಾಲಿಸುತ್ತದೆ. ಅವನ ಮಾತು ಮುಗಿಯುವಷ್ಟರಲ್ಲಿ ನಾವಿಬ್ಬರೂ ನೀರಿನಲ್ಲಿದ್ದೆವು.

ಬಲೆಯ ಹಗ್ಗದ ಕುಣಿಕೆ ನನ್ನ ಎಡಗೈ ಮಣಿಕಟ್ಟಿನಲ್ಲೇ ಇತ್ತು. ಸೀಸದ ಗುಂಡುಗಳ ಭಾರ ಕೆಳಕ್ಕೆ ಜಗ್ಗುತ್ತಿತ್ತು. ನೆನೆದ ಕುಣಿಕೆ ಚರ್ಮಕ್ಕೆ ಕಚ್ಚಿಕೊಂಡಿತ್ತು, ಬೆರಳು ತೂರುತ್ತಿರಲಿಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ ಸಡಿಲಿಸಿದೆ. ಈಗಲೂ ಆ ಜಾಗ ಮುಟ್ಟಿ ನೋಡಿಕೊಳ್ಳುತ್ತೇನೆ. ದಯವಿಟ್ಟು ದೋಣಿಯಲ್ಲಿ ಬಲೆ ಎಸೆಯುವಾಗ ಬಿಗಿಯುವ ಕುಣಿಕೆ ಹಾಕಬೇಡಿ, ಒಂದೇ ಜಗ್ಗಿಗೆ ಬಿಚ್ಚುವ ಗಂಟು ಹಾಕಿ.

ಅಕ್ಕ ಹಟ ಮಾಡಿದ್ದರಿಂದ ಹುಡುಗ ಲೈಫ್ ಜಾಕೆಟ್ ಹಾಕಿದ್ದ. ನನ್ನದು ಅಟ್ಟದ ಕೆಳಗೆ ತುರುಕಿಟ್ಟಿದ್ದೆ. ಅದು ದೋಣಿಯ ಜೊತೆಗೇ ಹೋಯಿತು. ನೀರಿನಲ್ಲಿ ನಿಂತಿದ್ದ ಒಂದು ಒಣಗಿದ ಜಾಲಿ ಮರ ಸಿಕ್ಕಿತು, ಮುಳ್ಳಿದ್ದರೂ ಅದನ್ನೇ ತಬ್ಬಿಕೊಂಡೆವು. ತೆಪ್ಪದಲ್ಲಿದ್ದ ಒಬ್ಬ ಅಂಬಿಗರ ಹಿರಿಯರು ನೋಡಿ ಬಂದು ಹತ್ತಿಸಿಕೊಂಡರು. ಆಮೇಲೆ ಅಟ್ಟ ನೋಡಿ ಅವರು ಅಂದಿದ್ದು ಇಷ್ಟೇ: "ತಮ್ಮಾ, ತಳದಾಗ ನಿಲ್ಲಬೇಕಿತ್ತಲ್ಲಪಾ."

ಹೌದು, ಅಷ್ಟೇ ವಿಷಯ. ಕಬ್ಬು ಎತ್ತರಕ್ಕೆ ಹೇರಿದ ಟ್ರಾಲಿ ಯಾಕೆ ಉರುಳುತ್ತದೆ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದನ್ನೇ ನಾನು ದೋಣಿಗೆ ಮಾಡಿಸಿದ್ದೆ. ನನ್ನ 74 ಕೆಜಿ ಒಂದು ಅಡಿ ಮೇಲಕ್ಕೆ ಹೋಯಿತು, ಅದರ ಜೊತೆ ಕಬ್ಬಿಣ, ಪ್ಲೈವುಡ್ ಬೇರೆ. ಪಕ್ಕದ ಕ್ಯಾನ್ ನೀರಿನಿಂದ ಒಂದು ಗೇಣು ಮೇಲಿತ್ತು. ಅದು ನೀರು ಮುಟ್ಟುವ ಹೊತ್ತಿಗೆ ದೋಣಿ ಆಗಲೇ ವಾಲಿಯಾಗಿತ್ತು. 20 ಲೀಟರಿನ ಕ್ಯಾನ್ ಪೂರ್ತಿ ಮುಳುಗಿದರೂ ಸುಮಾರು 20 ಕೆಜಿ ಮಾತ್ರ ಎತ್ತುತ್ತದೆ. ತೋಳು ಉದ್ದ ಇದ್ದಷ್ಟೂ ಅದರ ಬಲ ಜಾಸ್ತಿ, ನಮ್ಮದು ಅಂಚಿನಿಂದ ಒಂದೂವರೆ ಅಡಿ ಅಷ್ಟೇ ಹೊರಗಿತ್ತು. ದಡದಲ್ಲಿ ಮಡಚಲು ಅನುಕೂಲ ಅಂತ ತೋಳಿಗೆ ಕೊಟ್ಟಿದ್ದ ಪಿನ್ ಮೊಳೆಯಷ್ಟು ದಪ್ಪ. ಟಕ್ ಅಂದಿದ್ದು ಅದೇ.

ಥರ್ಮಾಕೋಲ್ ವಿಷಯ ಎಲ್ಲಕ್ಕಿಂತ ಕೆಟ್ಟದ್ದು. ದೋಣಿ ಎಳೆದು ತಂದ ಮೇಲೆ ಸೀಟನ್ನು ಗ್ರೈಂಡರ್‌ನಿಂದ ಕೊಯ್ದು ನೋಡಿದೆವು. ಒಳಗೆಲ್ಲಾ ಟೊಳ್ಳು. ತಳದಲ್ಲಿ ಆರಿದ ಪಾಕದ ಹಾಗೆ ಅಂಟಂಟು ಮುದ್ದೆ ಕೂತಿತ್ತು. ಮಾಮೂಲಿ ಫೈಬರ್ ಕೆಲಸಕ್ಕೆ ಬಳಸುವ ಪಾಲಿಯೆಸ್ಟರ್ ರೆಸಿನ್ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಪೆಟ್ರೋಲ್ ಬಿದ್ದರೂ ಕರಗುತ್ತದೆ. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ನಿಮ್ಮ ದೋಣಿಯಲ್ಲೂ ಹೀಗೆ ಮಾಡಿಸಿದ್ದರೆ ಇವತ್ತೇ ಸೀಟು ಬಡಿದು ನೋಡಿ, ಅನುಮಾನ ಬಂದರೆ ಕೊಯ್ಯಿಸಿ. ಅದರ ಬದಲು ಪಿಯು (ಪಾಲಿಯುರೆಥೇನ್) ಫೋಮ್ ಹಾಕಿಸಬಹುದು. ದುಡ್ಡಿಲ್ಲದಿದ್ದರೆ ಮುಚ್ಚಳ ಬಿಗಿಯಾಗಿರುವ ಖಾಲಿ ಎಣ್ಣೆ ಕ್ಯಾನ್‌ಗಳನ್ನು ಒತ್ತಾಗಿ ಜೋಡಿಸಿ ಕಟ್ಟಿ.

ಅಂಗಡಿಯವರು ದುಡ್ಡು ವಾಪಸ್ ಕೊಡಲಿಲ್ಲ. ನೀವು ಹೇಳಿದ ಹಾಗೇ ಮಾಡಿದ್ದೇವೆ ಅಂದರು.

ಈಗ ಅಟ್ಟ ಕಿತ್ತು ಹಾಕಿದ್ದೇನೆ. ತಳದಲ್ಲೇ ಹಲಗೆ ಹಾಸಿ ನಿಲ್ಲುತ್ತೇನೆ. ತೋಳು ಮೂರು ಅಡಿ ಹೊರಗಿದೆ, ಪಿನ್ ಬದಲು ಪೈಪಿಗೆ ಆರಪಾರ ದಪ್ಪ ಬೋಲ್ಟ್ ಇದೆ, ಕ್ಯಾನ್ ನೀರಿಗೆ ತಾಗುವ ಹಾಗೇ ಕೂತಿದೆ. ಹೋದ ವಾರ ಸೊಂಟಮಟ್ಟದ ನೀರಿನಲ್ಲಿ, ಇಬ್ಬರೂ ಜಾಕೆಟ್ ಹಾಕಿಕೊಂಡು, ಬೇಕೆಂದೇ ಒಂದೇ ಅಂಚಿಗೆ ನಿಂತೆವು. ಅಂಚಿಗೂ ನೀರಿಗೂ ನಾಲ್ಕು ಬೆರಳು ಉಳಿದಾಗ ಕ್ಯಾನ್ ತಡೆದು ನಿಲ್ಲಿಸಿತು.