ಕಡಜದ ಗೂಡಿಗೆ ಹೊಗೆಯಾ, ಸ್ಪ್ರೇನಾ, ಸೋಪಿನ ನೀರಾ?

ದಾವಣಗೆರೆಯ ಬೇಸಿಗೆಯಲ್ಲಿ ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡೋಕಾಗಲ್ಲ. ನಮ್ಮ ಅಡುಗೆಮನೆ ಕಿಟಕಿಯ ಸಜ್ಜಾ ಕೆಳಗೇ ಕಡಜ ಗೂಡು ಕಟ್ಟುತ್ತೆ. ಮಕ್ಕಳು ಆಡುವ ಜಾಗ, ಹಾಗಾಗಿ ತೆಗೆಯಲೇಬೇಕು. ಎರಡು ಬೇಸಿಗೆಯಲ್ಲಿ ಮೂರು ದಾರಿ ನೋಡಿದ್ದೇನೆ.

"ಬೇವಿನ ಸೊಪ್ಪಿನ ಹೊಗೆ ಹಾಕವ್ವ, ಓಡಿ ಹೋಗ್ತಾವೆ" ಅಂದರು ಅತ್ತೆ. ಹಳೇ ಬಾಣಲೆಗೆ ಕೆಂಡ ಸುರಿದು ಹಸಿ ಸೊಪ್ಪು ಹಾಕಿದೆವು. ಹುಳ ಎದ್ದವು ನಿಜ. ಹೊಗೆ ಆರಿದ ಅರ್ಧ ಗಂಟೆಗೆ ಎಲ್ಲಾ ವಾಪಸ್. ಗೂಡಲ್ಲಿ ಮರಿ ಇದ್ದವಲ್ಲ, ಬಿಟ್ಟು ಎಲ್ಲಿಗೆ ಹೋಗ್ತಾವೆ?

ಆಮೇಲೆ ಜಿರಳೆಗೆ ಅಂತ ತಂದಿದ್ದ ಸ್ಪ್ರೇ. ಹೊಡೆದ ಕೂಡಲೇ ಹುಳ ಉದುರಿದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೀರಾ ಹತ್ತಿರ ಹೋಗಬೇಕು. ನಾನು ಹಗಲು 11 ಗಂಟೆಗೆ ಹೊಡೆದದ್ದು ದೊಡ್ಡ ತಪ್ಪು. ಹೊರಗೆ ಹೋಗಿದ್ದ ಹುಳಗಳು ಒಂದೊಂದೇ ಬಂದವು. ಒಂದು ಮೊಣಕೈ ಹತ್ತಿರ ಎರಡು ಸಲ ಚುಚ್ಚಿತು. ಜೇನಿನ ಹಾಗೆ ಇದರ ಮುಳ್ಳು ಚರ್ಮದಲ್ಲಿ ಸಿಕ್ಕಿಕೊಳ್ಳಲ್ಲ, ಅದಕ್ಕೇ ಮತ್ತೆ ಮತ್ತೆ ಚುಚ್ಚುತ್ತೆ. ಐಸ್ ಇಟ್ಟರೂ ಎರಡು ದಿನ ಊತ. ಮೇಲಾಗಿ ಕಿಟಕಿಯ ಆಚೆಗೇ ಗ್ಯಾಸ್ ಒಲೆ, ಆ ಸ್ಪ್ರೇಗೆ ಬೆಂಕಿ ಬೇಗ ಹತ್ತುತ್ತೆ. ಮತ್ತೆ ಅದನ್ನು ಮುಟ್ಟಲಿಲ್ಲ.

ಮರು ವರ್ಷ ಸೋಪಿನ ನೀರು. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಚಮಚ, ಗಿಡಕ್ಕೆ ಔಷಧಿ ಹೊಡೆಯೋ ಸಣ್ಣ ಪಂಪು. ಕತ್ತಲಾದ ಮೇಲೆ ಹುಳಗಳೆಲ್ಲ ಗೂಡಿನ ಮೇಲೇ ಕೂತಿರುತ್ತವೆ. ತುಂಬು ತೋಳಿನ ಅಂಗಿ ಹಾಕಿ, ತಲೆಗೆ ಟವೆಲ್ ಸುತ್ತಿದೆ. ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಕಟ್ಟಿದೆವು, ಕೆಂಪು ಬೆಳಕು ಅವಕ್ಕೆ ಸರಿಯಾಗಿ ಕಾಣಲ್ಲ. ಸೋಪು ಸೇರಿದ ನೀರು ಮೈಗೆ ಅಂಟಿ, ಉಸಿರಾಡುವ ಸಣ್ಣ ತೂತುಗಳನ್ನು ಮುಚ್ಚುತ್ತೆ. ಎರಡೇ ನಿಮಿಷ. ವಾಸನೆ ಇಲ್ಲ, ವಿಷ ಇಲ್ಲ. ನನ್ನ ಮಟ್ಟಿಗೆ ಇದೇ ಸೈ.

ಬೆಳಿಗ್ಗೆ ಗೂಡನ್ನು ಕೈಲಿ ಹಿಡಿದೆ. ತೂಕವೇ ಇಲ್ಲ. ಮರದ ನಾರನ್ನು ಅಗಿದು ಎಂಜಲಲ್ಲಿ ಕಲಸಿ ಮಾಡಿದ ಬೂದು ಕಾಗದ, ಆರು ಮೂಲೆಯ ಮನೆಗಳು. ಒಳಗೆ ಮಂಡಕ್ಕಿ ಕಾಳಿನಂಥ ಬಿಳಿ ಮರಿಗಳು. ನೋಡಿ ಸಂಕಟವಾಯಿತು.

ಕೆಂಪಿರುವೆಗೂ ಎರಡು ದಾರಿ ನೋಡಿದೆ. ಚಾಕ್‌ಪೀಸ್ ಗೆರೆ ಎಳೆದರೆ ಪಕ್ಕದಿಂದ ಬರುತ್ತವೆ. ಬೆಲ್ಲದ ನೀರಿಗೆ ಚೂರು ಬೋರಿಕ್ ಪುಡಿ ಹಾಕಿಟ್ಟರೆ ಅವೇ ಗೂಡಿಗೆ ಒಯ್ಯುತ್ತವೆ. ಒಂದು ವಾರ ಹಿಡಿಯಿತು, ಆದರೆ ಸಾಲು ನಿಂತಿತು. ಮಕ್ಕಳ ಕೈಗೆ ಮಾತ್ರ ಸಿಗಬಾರದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮರದಲ್ಲೋ ಗೋಡೆಯಲ್ಲೋ ಕೊಡದಷ್ಟು ದೊಡ್ಡ ಗೂಡಿದ್ದರೆ ಸೋಪಿನ ನೀರು ಹಿಡಿದು ಹೋಗಬೇಡಿ, ಬಲ್ಲವರನ್ನೇ ಕರೆಸಿ. ಚುಚ್ಚಿಸಿಕೊಂಡವರಿಗೆ ಉಸಿರು ಕಟ್ಟಿದರೆ, ಮುಖ ಊದಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಈಗ ಯುಗಾದಿಗೆ ಸುಣ್ಣ ಬಣ್ಣ ಬಳಿಯುವಾಗಲೇ ಸಜ್ಜಾ ಕೆಳಗೆ ನೋಡುತ್ತೇನೆ. ರೂಪಾಯಿ ನಾಣ್ಯದಷ್ಟು ಗೂಡಿದ್ದರೆ, ಹುಳ ಇಲ್ಲದ ಹೊತ್ತು ನೋಡಿ ಉದ್ದ ಕೋಲಿಂದ ತೆಗೆದರಾಯಿತು. ಹಿತ್ತಲ ಬೇಲಿಯ ಗೂಡನ್ನು ಮಾತ್ರ ಬಿಟ್ಟಿದ್ದೇವೆ, ಆ ಕಡೆ ಯಾರೂ ಹೋಗಲ್ಲ. ಅಲ್ಲಿಯ ಕಡಜಗಳು ಕಾಲು ಇಳಿಬಿಟ್ಟುಕೊಂಡು ಬಂದು, ನಿಂಬೆ ಗಿಡದ ಎಲೆ ತಿನ್ನುವ ಹಸಿರು ಹುಳಗಳನ್ನು ಹೊತ್ತೊಯ್ಯುತ್ತವೆ.