ನಿಂಬೆ ಹಳದಿಯೋ, ಗಂಧದ ಹಳದಿಯೋ

ಕಲ್ಯಾಣಪುರದ ನಮ್ಮ ಮನೆಯ ಚಾವಡಿಗೆ ಗಂಧದ ಹಳದಿ ಬಳಿಸಿದೆ. ಮಗಳ ಹಟಕ್ಕೆ ಅವಳ ಕೋಣೆಗೆ ನಿಂಬೆ ಹಳದಿ. ಎರಡೂ ಒಂದೇ ಕಂಪೆನಿಯ ಎಮಲ್ಷನ್ (ನೀರು ಬೆರೆಸಿ ಬಳಿಯುವ ಪೇಂಟು), ಬಳಿದವರೂ ಒಬ್ಬರೇ. ಇನ್ನೊಮ್ಮೆ ಬಳಿಸುವ ಕಾಲ ಬಂದರೆ ಇಡೀ ಮನೆಗೆ ಗಂಧವೇ.

ನಿಂಬೆಯ ಮೇಲೆ ನನ್ನ ತಕರಾರು ಒಂದೇ: ಅದು ಗೋಡೆಯನ್ನು ಮುಚ್ಚುವುದಿಲ್ಲ. ಪ್ರೈಮರ್ ಹೊಡೆದು ಎರಡು ಕೋಟ್ ಕೊಟ್ಟ ಮೇಲೂ ಹಳೆಯ ತಿಳಿನೀಲಿ ಅಲ್ಲಲ್ಲಿ ಇಣುಕುತ್ತಿತ್ತು. ನೀಲಿಯ ಮೇಲೆ ತೆಳು ಹಳದಿ ಕೂತರೆ ಹಸಿರಾಗದೆ ಇನ್ನೇನಾದೀತು? ಸ್ವಿಚ್‌ಬೋರ್ಡಿನ ಸುತ್ತ, ಕಿಟಕಿಯ ಅಂಚಿನಲ್ಲಿ, ರೋಲರ್ ಹೋಗದೆ ಬ್ರಷ್ ಆಡಿಸಿದ ಕಡೆಯೆಲ್ಲ ಪಟ್ಟೆ ಪಟ್ಟೆ.

“ಇನ್ನೊಂದು ಕೋಟ್ ಬೇಕಾಗುತ್ತದೆ ಅಕ್ಕ” ಎಂದರು ಪೇಂಟರ್. ಅದು ಒಣಗಿದ ಮೇಲೆ ಮತ್ತದೇ ಮಾತು. ಅವರನ್ನು ದೂರುವಂತಿಲ್ಲ. ಇಂಥ ಪ್ರಖರ ಹಳದಿಗೆ ಬಳಸುವ ಸಾವಯವ ವರ್ಣದ್ರವ್ಯಗಳಿಗೆ ಕೆಳಗಿನ ಬಣ್ಣವನ್ನು ಮರೆಮಾಡುವ ಶಕ್ತಿ ಕಡಿಮೆ. ಹಿಂದೆ ಎನಾಮಲ್ ಎಂಬ ಎಣ್ಣೆ ಪೇಂಟುಗಳಲ್ಲಿ ಚೆನ್ನಾಗಿ ಮುಚ್ಚುವ ಹಳದಿ ಬರುತ್ತಿದ್ದುದು ಸೀಸದ ಕ್ರೋಮೇಟಿನಿಂದ. ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಕೂಡದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಒಳ್ಳೆಯದೇ ಆಯಿತು, ಮಕ್ಕಳಿರುವ ಮನೆಗೆ ಆ ವಿಷ ಯಾರಿಗೆ ಬೇಕು! ಆದರೆ ಹೆಚ್ಚುವರಿ ಕೋಟಿನ ಪೇಂಟು, ಅದರ ಮೇಲೆ ಪೇಂಟರರ ದಿನಗೂಲಿ, ಎಲ್ಲ ಬಂದದ್ದು ನನ್ನ ಪರ್ಸಿನಿಂದ. ಅಂಗಡಿಯ ಶೇಡ್ ಕಾರ್ಡಿನಲ್ಲಿ ಈ ಖರ್ಚು ಕಾಣುವುದಿಲ್ಲ.

ಗಂಧದಂಥ ಮಂದ ಹಳದಿಗಳಿಗೆ ಸಾಮಾನ್ಯವಾಗಿ ಹಾಕುವುದು ಕಬ್ಬಿಣದ ಆಕ್ಸೈಡ್, ಹಳದಿ ಮಣ್ಣಿನದೇ ಜಾತಿ; ಜೊತೆಗೆ ಧಾರಾಳ ಬಿಳಿ. ಎರಡು ಕೋಟಿಗೆ ಚಾವಡಿ ಮುಗಿಯಿತು. ಬೆಳಗಿನ ಬಿಸಿಲು ನಮ್ಮ ಕೆಂಪು ಕಾವಿ ನೆಲಕ್ಕೆ ಬಿದ್ದಾಗ ಗೋಡೆಯ ಕೆಳಗಿನ ಒಂದೆರಡು ಅಡಿ ತೆಳು ಕೇಸರಿಗೆ ತಿರುಗುತ್ತದೆ. ಅಷ್ಟು ಹೊತ್ತು ನಾನು ಪೇಪರ್ ಹಿಡಿದು ಅಲ್ಲೇ ಕೂರುತ್ತೇನೆ.

ಆಟಿ ತಿಂಗಳ ಮಳೆಗೆ ಹಗಲಲ್ಲೇ ದೀಪ ಹಾಕುವ ಊರು ನಮ್ಮದು. ತುಸು ನೀಲಿ ಛಾಯೆಯ ಬಿಳಿ ಎಲ್‌ಇಡಿ ಉರಿಸಿದರೆ ನಿಂಬೆ ಕಣ್ಣಿಗೆ ಚುಚ್ಚುತ್ತದೆ, ಗಂಧ ಕೊಂಚ ಸಪ್ಪೆಯಾಗುತ್ತದೆ. ಬೂಷ್ಟು ಮಾತ್ರ ಎರಡಕ್ಕೂ ಸಮಾನ ಮರ್ಯಾದೆ ಕೊಟ್ಟಿದೆ.

ಮಗಳ ಕೋಣೆ ಕತ್ತಲು ಕತ್ತಲಾಗಿದ್ದದ್ದು ಬೆಳಗಿದೆ, ಇಲ್ಲವೆನ್ನಲಾರೆ. ಆದರೆ ಗೋಡೆ ಬಳಿಸಲು ವರ್ಷಗಟ್ಟಲೆ ಕೂಡಿಡುವ ನನ್ನಂಥವರಿಗೆ ಗಂಧವೇ ಸರಿ. ನಿಂಬೆಯೇ ಆಗಬೇಕೆನ್ನುವವರು ಕಿಟಕಿಯ ಎದುರಿನ ಒಂದು ಗೋಡೆಗೆ ಸಾಕುಮಾಡಿ, ಹಳೆಯ ಬಣ್ಣ ಪೂರ್ತಿ ಅಡಗುವವರೆಗೆ ಬಿಳಿ ಪ್ರೈಮರ್ ಹೊಡೆಸಿ. ಅದು ಅಗ್ಗ.